ಸಿಂಕಿಗೆ ಅಡ್ಡ ನಿಂತವರು

"ಹಳೇದೆಲ್ಲ ಎಸೆದ್ಬಿಡಿ ಮೇಡಂ, ಹೊಸ ಸೆಟ್ಟೇ ಹಾಕ್ಬಿಡಿ" ಎನ್ನುತ್ತಾ ಜಯನಗರದ ಅಕ್ವೇರಿಯಂ ಅಂಗಡಿಯವರು ಪ್ಯಾಕೆಟ್ಟುಗಳನ್ನು ನನ್ನ ಮುಂದೆ ಸುರಿದರು. ನಾನು ಕೇಳಿದ್ದು ನಮ್ಮ ಮೀನಿನ ತೊಟ್ಟಿಯ ಫಿಲ್ಟರಿಗೆ ಒಂದು ಸ್ಪಂಜು ಮಾತ್ರ. ಫಿಲ್ಟರಿನೊಳಗಿನ ಸೆರಾಮಿಕ್ ರಿಂಗುಗಳು ಕಂದು ತಿರುಗಿದ್ದರೂ ಎಸೆಯಲ್ಲ, ಅದರಲ್ಲಿ ಬೆಳೆದಿರೋ ಬ್ಯಾಕ್ಟೀರಿಯಾದಿಂದಲೇ ಮೀನು ಬದುಕಿರೋದು ಎಂದೆ. ಅವರು ನಕ್ಕು, ನನ್ನ ಪಕ್ಕದಲ್ಲಿದ್ದ ಅತ್ತೆಯ ಕಡೆ ತಿರುಗಿದರು. "ಕೊಳೆ ಅಂದ್ರೆ ಕೊಳೆನೇ ಅಲ್ವಾ? ನೀವಾದ್ರೂ ಹೇಳಿ ಅಮ್ಮಾ."

ಕೇಳಬಾರದವರನ್ನೇ ಕೇಳಿದ್ದರು. ಹಬ್ಬದ ಹಿಂದಿನ ದಿನ ದೀಪದ ಕಂಬಗಳ ಜೊತೆ ಆ ರಿಂಗುಗಳನ್ನೂ ಹುಣಸೆಹಣ್ಣು ಹಾಕಿ ಉಜ್ಜಲು ಹೊರಟವರು ಇದೇ ಅತ್ತೆ. ನಾನು ಸಿಂಕಿಗೆ ಅಡ್ಡ ನಿಂತು ಜಗಳವಾಡಿ ಉಳಿಸಿಕೊಂಡಿದ್ದೆ. ಅದು ಮೊಸರಿನ ಹೆಪ್ಪು ಇದ್ದ ಹಾಗೆ ಎಂದು ಎಷ್ಟು ಹೇಳಿದರೂ ಅವರು ಮುಖ ತಿರುಗಿಸಿಕೊಂಡು ಹೋಗಿದ್ದರು. ಅಂಗಡಿಯಲ್ಲಿ ಇಬ್ಬರನ್ನೂ ಎದುರಿಸಲು ನಾನು ಸಿದ್ಧಳಾದೆ.

ಅತ್ತೆ ಕೈಲಿದ್ದ ಹೂವಿನ ಪೊಟ್ಟಣವನ್ನು ಕೌಂಟರಿನ ಮೇಲಿಟ್ಟರು. "ಹೆಪ್ಪನ್ನ ಚೆಲ್ಲಿಬಿಟ್ಟು ಬೆಳ್ಳಿ ಪಾತ್ರೆ ತಂದಿಟ್ರೆ ಹಾಲು ಮೊಸರಾಗತ್ತೇನಪ್ಪಾ? ಅವಳು ಕೇಳಿದ್ದು ಸ್ಪಂಜು. ಸ್ಪಂಜು ಕೊಡು."

ಅಂಗಡಿಯವರು ಪ್ಯಾಕೆಟ್ಟುಗಳನ್ನು ಪಕ್ಕಕ್ಕೆ ಸರಿಸಿ ಸ್ಪಂಜು ಕೊಟ್ಟರು.

ನೀನು ಹೇಳಿದ್ದೇ ಸರಿ ಎಂದು ಅತ್ತೆ ಇವತ್ತಿನವರೆಗೂ ನನಗೆ ಹೇಳಿಲ್ಲ, ಹೇಳುವವರೂ ಅಲ್ಲ. ಆದರೆ ಮೊನ್ನೆ ನನ್ನ ಗಂಡ ತೊಟ್ಟಿ ಸ್ವಚ್ಛ ಮಾಡುತ್ತೇನೆಂದು ಆ ರಿಂಗುಗಳನ್ನು ನಲ್ಲಿಯ ಕೆಳಗೆ ಹಿಡಿಯಲು ಹೋದಾಗ, ನಾನು ಎದ್ದು ಬರುವಷ್ಟರಲ್ಲಿ ಸಿಂಕಿಗೆ ಅಡ್ಡ ನಿಂತಿದ್ದವರು ಅತ್ತೆ.