ಅಳೆದ ಈರುಳ್ಳಿಯ ಪಕೋಡ

ಅವರ ಎರಡು ಕೈಗಳೂ ಮೊಣಕೈವರೆಗೆ ಬೇಯಿಸಿದ ಬೀಟ್‌ರೂಟಿನ ಬಣ್ಣಕ್ಕಿದ್ದವು. ಮೊದಲ ಸಲ ನೋಡಿದಾಗ ಏನೋ ಚರ್ಮದ ಕಾಯಿಲೆ ಇರಬೇಕೆಂದು ನಾನು ಒಂದು ಹೆಜ್ಜೆ ಹಿಂದೆ ಸರಿದಿದ್ದೆ. ಅದು ಕಾಯಿಲೆಯಲ್ಲ, ಕಸುಬು. ದಿನವೂ ಬಿಸಿನೀರಿನಲ್ಲಿ ಬಿಯರ್ ತೊಟ್ಟಿಗಳನ್ನು ಉಜ್ಜಿ ಉಜ್ಜಿ ಕೈಗೆ ಹತ್ತಿದ ಬಣ್ಣ. "ಬಿಯರ್ ಮಾಡೋದು ಅಂದ್ರೆ ಹತ್ತರಲ್ಲಿ ಒಂಬತ್ತು ಪಾಲು ಪಾತ್ರೆ ತೊಳೆಯೋದು, ಉಳಿದ ಒಂದು ಪಾಲು ಕಾಯೋದು" ಎನ್ನುತ್ತಿದ್ದರು. ಹಾಗಾದರೆ ನಮ್ಮಮ್ಮನಿಗಿಂತ ದೊಡ್ಡ ಬಿಯರ್ ತಜ್ಞೆ ಮೈಸೂರಿನಲ್ಲೇ ಇಲ್ಲ ಎಂದೆ. ಅಮ್ಮನಿಗೆ ನಮಸ್ಕಾರ ತಿಳಿಸಿ ಎಂದರು.

ನಾನು ಆಗ ಜಪಾನಿನ ಕಾಶಿವಾದಲ್ಲಿ ಭೌತಶಾಸ್ತ್ರದ ಪಿಎಚ್‌.ಡಿ. ವಿದ್ಯಾರ್ಥಿನಿ. 2011ರ ದೊಡ್ಡ ಭೂಕಂಪವಾದ ಮರುವರ್ಷ ಅಲ್ಲಿಗೆ ಹೋದವಳು. ಅವರ ಪುಟ್ಟ ಬಿಯರ್ ಅಂಗಡಿ ನನ್ನ ಕೋಣೆಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿತ್ತು. ಅಂಗಡಿಯ ಯಜಮಾನರನ್ನು ಜಪಾನಿನಲ್ಲಿ ತಾಯ್‌ಶೋ ಎನ್ನುವ ರೂಢಿ. ಬೀದಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಪದವಿ ಸಿಗುವ ಮೊದಲೇ ನನ್ನನ್ನು 'ಸೆನ್ಸೇ', ಅಂದರೆ ಗುರುಗಳೇ, ಎಂದು ಕರೆದ ಮಹಾನುಭಾವರು ಅವರೊಬ್ಬರೇ. ಸಿಕ್ಕ ಮೇಲೂ ಹಾಗೆ ಕರೆದವರು ಬಹಳ ಜನ ಇಲ್ಲ ಅನ್ನಿ.

ನಾನು ಕುಡಿಯುವವಳಲ್ಲ. ಹೋದಾಗಲೆಲ್ಲ ಹುರಿದ ಬಾರ್ಲಿಯ ತಣ್ಣನೆಯ ಚಹಾ ತಂದಿಡುತ್ತಿದ್ದರು. ಒಂದು ಗುಟುಕು ಬಿಯರ್ ಕುಡಿದು ನೋಡಿ ಎಂದು ಒಮ್ಮೆಯೂ ಹೇಳಿದವರಲ್ಲ. ಕುಡಿಯದವರನ್ನು ಕಂಡರೆ ಕುಡಿಯುವವರಿಗೆ ಬರುವ ಆ ಉಪದೇಶದ ಹುಮ್ಮಸ್ಸು ಅವರಲ್ಲಿ ಚೂರೂ ಇರಲಿಲ್ಲ.

ವಯಸ್ಸಿನಲ್ಲಿದ್ದಾಗ ಅವರು ಇಟಲಿಯ ಯಾವುದೋ ಪುಟ್ಟ ಊರಿನಲ್ಲಿ ಒಂದು ಬೇಸಿಗೆ ಕಳೆದಿದ್ದರಂತೆ. ಅಲ್ಲಿ ಊರ ಚೌಕದಲ್ಲಿ ಮೂರು ದಿನದ ಹಬ್ಬ. ಮನೆಯಲ್ಲೇ ಮಾಡಿದ ಬಿಯರ್, ಬೀದಿಯಲ್ಲೇ ಕರಿದ ತಿಂಡಿ, ಊರಿಗೆ ಊರೇ ಉದ್ದನೆಯ ಮೇಜುಗಳ ಮುಂದೆ ಕೂತಿರುತ್ತಿತ್ತು. ಆ ಕಥೆಯನ್ನು ನಾನು ಇಪ್ಪತ್ತು ಸಲವಾದರೂ ಕೇಳಿದ್ದೇನೆ. ಪ್ರತಿ ಸಲವೂ ಮೇಜು ಸ್ವಲ್ಪ ಉದ್ದವಾಗುತ್ತಿತ್ತು. ಅಂಥದೇ ಹಬ್ಬವನ್ನು ತಮ್ಮ ಬೀದಿಯಲ್ಲಿ ಮಾಡಬೇಕೆಂಬ ಅವರ ಹಟಕ್ಕೆ ಮಾತ್ರ ಬೇರೆ ಕಾರಣವಿತ್ತು.

ಭೂಕಂಪದ ನಂತರ ದೂರದ ಅಣುಸ್ಥಾವರದಿಂದ ಹೊರಬಿದ್ದ ವಿಕಿರಣದ ಧೂಳು ಗಾಳಿಯಲ್ಲಿ, ಮಳೆಯಲ್ಲಿ ಸೇರಿ ಕಾಶಿವಾ ಕಡೆಯ ಮಣ್ಣಿನ ಮೇಲೂ ಒಂದಿಷ್ಟು ಬಿದ್ದಿತ್ತು. ಊರಿನ ತರಕಾರಿಯನ್ನು ಊರಿನವರೇ ಮುಟ್ಟುತ್ತಿರಲಿಲ್ಲ. ಮಕ್ಕಳಿದ್ದ ಮನೆಯವರಂತೂ ಅಂಗಡಿಯಲ್ಲಿ ಬೆಳೆದ ಊರಿನ ಹೆಸರು ಓದಿ ಕಟ್ಟನ್ನು ಹಾಗೇ ಕೆಳಗಿಡುತ್ತಿದ್ದರು. "ಇನ್ನೊಂದು ವರ್ಷ ಹೀಗೇ ಆದ್ರೆ ರೈತರು ಹೊಲ ಮಾರ್ತಾರೆ. ಹೊಲ ಹೋದ್ರೆ ನನ್ನ ಬಾರ್ಲೀನೂ ಹೋಯ್ತು. ಬಾರ್ಲಿ ಹೋದ್ರೆ ನಾನು ಯಾತಕ್ಕೆ ಪಾತ್ರೆ ತೊಳೀಲಿ?" ಎಂದು ತಾಯ್‌ಶೋ ಕೇಳಿದ್ದರು.

ಸುಮ್ಮನೆ ಕೇಳಿ ಕೂರುವ ಆಳಲ್ಲ ಅವರು. ಊರಿನ ಬೆಳೆಯನ್ನು ಊರಿನವರೇ ಮತ್ತೆ ತಿನ್ನುವಂಥ ಹಬ್ಬ ಆಗಬೇಕು ಎಂದರು. ಬೀದಿಯ ಅಂಗಡಿಯವರನ್ನೆಲ್ಲ ಸೇರಿಸಿ ವಿಕಿರಣ ಅಳೆಯುವ ಒಂದು ಯಂತ್ರ ತರಿಸಿದರು. ಹಂಡೆ ಗಾತ್ರದ, ಸೀಸದ ಗೋಡೆಯ ಯಂತ್ರ. ತಮ್ಮ ಅಂಗಡಿಯ ಮುಂದಿನ ಕೋಣೆಯಲ್ಲಿಟ್ಟು, ಅದನ್ನು ನಡೆಸಲು ನನ್ನನ್ನು ಕರೆದರು. ತರಕಾರಿಯನ್ನು ತೊಳೆದು, ಸಣ್ಣಗೆ ಹೆಚ್ಚಿ, ಡಬ್ಬಿಯಲ್ಲಿ ಒತ್ತಿ ತುಂಬಿ ಯಂತ್ರದೊಳಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಅಂಕಿ ಹೇಳುತ್ತಿತ್ತು. ಯಂತ್ರ ನಡೆಸುವುದಕ್ಕೆ ನನ್ನ ಓದು ಎಷ್ಟು ಉಪಯೋಗಕ್ಕೆ ಬಂತೋ ಕಾಣೆ, ಸಣ್ಣಗೆ ಹೆಚ್ಚುವುದಕ್ಕೆ ಅಮ್ಮನ ಬೈಗುಳವಂತೂ ಪೂರ್ತಿ ಉಪಯೋಗಕ್ಕೆ ಬಂತು.

ಅಳೆಯಲು ಬರುತ್ತಿದ್ದದ್ದರಲ್ಲಿ ಈರುಳ್ಳಿಯೇ ಹೆಚ್ಚು. ಅಳೆದಾದ ಮೇಲೆ ಹೆಚ್ಚಿಟ್ಟ ಅಷ್ಟೊಂದು ಈರುಳ್ಳಿಯನ್ನು ಏನು ಮಾಡುವುದು? ಎಸೆಯಲು ನನಗೂ ಮನಸ್ಸಿಲ್ಲ, ಅವರಿಗೂ ಇಲ್ಲ. ಒಂದು ಸಂಜೆ ಇಂಡಿಯನ್ ಅಂಗಡಿಯ ಕಡಲೆಹಿಟ್ಟು ತಂದು, ಓಮ, ಹಸಿಮೆಣಸಿನಕಾಯಿ ಹಾಕಿ ಪಕೋಡ ಕರಿದೆ. ತಾಯ್‌ಶೋ ನಿಂತೇ ಆರು ತಿಂದರು. "ಹಬ್ಬದಲ್ಲಿ ಸೆನ್ಸೇದು ಒಂದು ಅಂಗಡಿ" ಎಂದು ಅಲ್ಲೇ ತೀರ್ಮಾನವಾಯಿತು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಅಲ್ಲ ಕಣೇ, ಡಾಕ್ಟರೇಟ್ ಮಾಡ್ತೀನಿ ಅಂತ ಹೋಗಿ ಹೆಂಡದಂಗಡಿ ಮುಂದೆ ಬೋಂಡಾ ಕರೀತೀಯಾ?" ಎಂದರು. ಬೋಂಡಾ ಅಲ್ಲಮ್ಮ ಪಕೋಡ ಎಂದು ತಿದ್ದಿದೆ. ಅದರಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಮೊದಲ ಹಬ್ಬದ ದಿನ ಸುಡುಬಿಸಿಲು. ಬೇರೆ ಊರುಗಳಿಂದ ಬಂದ ಬಿಯರಿಗೆ, ಸುಟ್ಟ ಮಾಂಸದ ಕಡ್ಡಿಗಳಿಗೆ ಸಾಲೋ ಸಾಲು. ನನ್ನ ಬಾಣಲೆಯ ಮುಂದೆ ನೊಣವೂ ಇಲ್ಲ. ಪಕ್ಕದಲ್ಲಿ ತಾಯ್‌ಶೋ ಕೈಯಾರೆ ಬರೆದ ಹಲಗೆ: ಯಾವ ಹೊಲದ ಈರುಳ್ಳಿ, ಎಂದು ಅಳೆದದ್ದು, ಅಂಕಿ ಎಷ್ಟು. ಅಂಕಿ ತೀರಾ ಚಿಕ್ಕದು, ಆದರೆ ಸೊನ್ನೆಯಲ್ಲ. ಸೊನ್ನೆಯಲ್ಲದ್ದನ್ನು ಸೊನ್ನೆ ಅಂತ ಬರೆಯಬಾರದು ಎಂಬುದು ಅವರ ಕಟ್ಟಪ್ಪಣೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ತಾಯಿ ಐದಾರು ವರ್ಷದ ಮಗಳ ಕೈಹಿಡಿದು ಬಂದು ಹಲಗೆ ಓದುತ್ತಾ ನಿಂತಳು. ಮಗುವಿನ ಕಣ್ಣೆಲ್ಲ ಬಾಣಲೆಯ ಮೇಲೆ. ನನಗೆ ತಡೆಯಲಾಗಲಿಲ್ಲ. ನಮ್ಮ ಕಡೆ ಅನುಮಾನಿಸುತ್ತಾ ನಿಂತ ನೆಂಟರಿಗೆ "ಅಯ್ಯೋ ತಿನ್ರೀ, ಏನೂ ಆಗಲ್ಲ" ಎಂದು ತಟ್ಟೆಗೆ ಬಡಿಸಿಯೇ ಬಿಡುತ್ತೇವಲ್ಲ, ಹಾಗೆ, "ದೈಜೋಬು, ದೈಜೋಬು!" ಎಂದು ಬಾಯ್ತುಂಬ ನಕ್ಕು ಮಗುವಿನ ಕೈಗೇ ಪೊಟ್ಟಣ ಹಿಡಿದೆ. ಏನೂ ಆಗಲ್ಲ ಬಿಡಿ ಎನ್ನುವುದಕ್ಕೆ ನನಗೆ ಗೊತ್ತಿದ್ದ ಜಪಾನಿ ಮಾತು ಅದೊಂದೇ.

ತಾಯಿಯ ಮುಖ ಬಾಗಿಲು ಹಾಕಿಕೊಂಡಿತು. ಮಗುವಿನ ಕೈಯಿಂದ ಪೊಟ್ಟಣ ಬಿಡಿಸಿ ಮೇಜಿನ ಮೇಲಿಟ್ಟು, "ಸುಮಿಮಾಸೆನ್, ಕ್ಷಮಿಸಿ" ಎಂದು ತಲೆ ಬಾಗಿಸಿ ಹೊರಟೇ ಹೋದಳು. ಅವಳ ಹಿಂದೆ ಹಲಗೆ ಓದುತ್ತಿದ್ದ ನಾಲ್ಕಾರು ಜನರೂ ಕರಗಿದರು.

ತಾಯ್‌ಶೋ ಎಲ್ಲ ನೋಡಿದ್ದರು. ಬೈಯಲಿಲ್ಲ. ಮೊದಲು ಒಲೆ ಆರಿಸಿದರು, ಆಮೇಲೆ ಮಾತಾಡಿದರು.

"ಸೆನ್ಸೇ, ಆ ಮಾತನ್ನ ನಾವು ಭೂಕಂಪ ಆದ ಮಾರ್ಚಿಂದ ಕೇಳ್ತಾನೇ ಇದ್ದೀವಿ. ಟೀವಿಯವರು ಹೇಳಿದ್ರು, ದೊಡ್ಡ ಮನುಷ್ಯರು ಹೇಳಿದ್ರು. ನೀವೂ ಹೇಳ್ಬೇಡಿ."

"ಆದ್ರೆ ಅದು ನಿಜ ಅಲ್ವಾ ತಾಯ್‌ಶೋ? ನಾನೇ ಅಳೆದಿದ್ದೀನಿ."

"ನೀವು ಅಳೆದಿದ್ದೀರಿ. ಅವಳು ಅಳೆದಿಲ್ಲ. ನಾವು ಅಂಕಿ ತೋರಿಸೋಣ. ಪರವಾಗಿಲ್ಲ ಅನ್ನೋ ಮಾತು ಅವಳ ಬಾಯಿಂದ ಬರ್ಲಿ, ನಮ್ಮ ಬಾಯಿಂದ ಬೇಡ."

ನನಗೆ ಕೆನ್ನೆಗೆ ಹೊಡೆದಂತಾಯಿತು. ಪ್ರೀತಿಯಿಂದ ಹೇಳಿದ್ದೆ, ನಿಜ. ಆದರೆ ಆ ಪ್ರೀತಿಯಲ್ಲಿ, ನಿಮಗೇನು ಗೊತ್ತಾಗುತ್ತೆ, ನನ್ನ ಮಾತು ಕೇಳಿ ಎನ್ನುವ ಜಂಬವೂ ಒಂದು ಚಿಟಿಕೆ ಇತ್ತು.

ಆಮೇಲೆ ಅವರು ಮಾಡಿದ್ದು ಇಷ್ಟೇ. ಯಂತ್ರವಿದ್ದ ಕೋಣೆಯ ಬಾಗಿಲನ್ನು ಬೀದಿಗೆ ಪೂರ್ತಿ ತೆರೆದು, ಮುಂದೆ ಎರಡು ಬೆಂಚು ಹಾಕಿ, ಈರುಳ್ಳಿಯ ಕ್ರೇಟನ್ನು ಹೊರಗಿಟ್ಟರು. ಯಾರು ಬೇಕಾದರೂ ತಮಗೆ ಬೇಕಾದ ಈರುಳ್ಳಿ ಆರಿಸಿಕೊಡಬಹುದು. ಅವರ ಕಣ್ಣೆದುರೇ ಹೆಚ್ಚಿ ಅಳೆಯುವುದು. ಅರ್ಧ ಗಂಟೆ ಕಾಯಬೇಕು, ಕಾಯುವವರಿಗೆ ಅವರ ಬಿಯರ್ ಅಥವಾ ನನ್ನ ಬಾರ್ಲಿ ಚಹಾ. ನಾನು ಬಾಯಿಗೆ ಬೀಗ ಹಾಕಿಕೊಂಡು ಹೆಚ್ಚಿದೆ. ಮೊದಲು ಕುತೂಹಲಕ್ಕೆ ಇಬ್ಬರು ಮುದುಕರು ಬಂದರು. ಆಮೇಲೆ ಬೆಂಚು ತುಂಬಿತು. ಕಾಯುವ ಜನ ಪಕ್ಕದವರನ್ನು ಮಾತಾಡಿಸದೆ ಇರಲಾರರು, ಅದು ಜಪಾನಾದರೂ ಅಷ್ಟೇ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಆ ತಾಯಿ ವಾಪಸು ಬಂದಳು. ಮಗಳೇ ಈರುಳ್ಳಿ ಆರಿಸಿದಳು. ಅರ್ಧ ಗಂಟೆ ತಾಯಿ ಯಂತ್ರದ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಂಕಿ ಬಂದಾಗ ಬ್ಯಾಗಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡಳು. ಆ ಪುಸ್ತಕದ ತುಂಬ ಅಂಥವೇ ಅಂಕಿಗಳು. ಅದನ್ನು ಕಂಡಾಗ ನನ್ನ 'ದೈಜೋಬು' ಎಷ್ಟು ಅಗ್ಗದ್ದು ಎಂದು ಅರ್ಥವಾಯಿತು.

"ನೀವು ತಿಂತೀರಾ?" ಎಂದು ಕೇಳಿದಳು.

"ದಿನಾ ತಿಂತೀನಿ" ಎಂದೆ. ಬೇರೇನೂ ಸೇರಿಸಲಿಲ್ಲ.

ಒಂದು ಪೊಟ್ಟಣ ಕೊಂಡಳು. ನಿಧಾನವಾಗಿ, ಒಬ್ಬಳೇ ತಿಂದಳು. ಮಗಳಿಗೆ ಕೊಡಲಿಲ್ಲ. ನನಗೆ ಪೆಚ್ಚಾಯಿತು. ತಾಯ್‌ಶೋಗೆ ಮಾತ್ರ ಖುಷಿಯೋ ಖುಷಿ. "ಇವತ್ತು ಅಮ್ಮ ತಿಂದ್ಲು, ಸಾಕು. ಹೇಳಿಲ್ವಾ, ಒಂದು ಪಾಲು ಕಾಯೋದು" ಎಂದರು. ಮುಂದಿನ ಬೇಸಿಗೆ ಆ ಮಗು ಬೀದಿಯ ತುದಿಯಿಂದಲೇ ಓಡಿಬಂದು "ಇಂಡಿಯಾ ತೆಂಪುರಾ!" ಎಂದು ಕೂಗಿತು. ತೆಂಪುರಾ ಅಂದರೆ ಜಪಾನಿನವರ ಬಜ್ಜಿ. ಹಿಂದೆ ಬಂದ ತಾಯಿ ಎರಡು ಪೊಟ್ಟಣ ಕೇಳಿದಳು. ಹೊಲಗಳೂ ಉಳಿದವು, ಬಾರ್ಲಿಯೂ ಉಳಿಯಿತು. ತಾಯ್‌ಶೋ ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದರು.

ನನಗೆ ಪದವಿ ಬಂತು, ಕೆಲಸ ಸಿಕ್ಕಿತು, ಮದುವೆಯಾಗಿ ಅಲ್ಲೇ ಹತ್ತಿರದ ಇಚಿಕಾವಾಕ್ಕೆ ಬಂದೆ. ಪ್ರತಿ ಬೇಸಿಗೆಯೂ ಬಾಣಲೆ ಹೊತ್ತು ಕಾಶಿವಾಕ್ಕೆ ಹೋಗುವುದು ತಪ್ಪಲಿಲ್ಲ. ಒಂದು ಚಳಿಗಾಲದಲ್ಲಿ ಅವರು ಆಸ್ಪತ್ರೆಯಲ್ಲಿದ್ದಾರೆಂದು ತಿಳಿಯಿತು. ಹೋದೆ. ಕೈಗಳು ಬಣ್ಣ ಮಾಸಿ ಎಲ್ಲರ ಕೈಗಳಂತೆಯೇ ಆಗಿದ್ದವು. ನನಗೆ ಅಳು ಬಂದದ್ದು ಆ ಕೈ ನೋಡಿ. ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. ಅವರು ಬೆರಳೆತ್ತಿ ತಡೆದು, ದಿಂಬಿನ ಕೆಳಗಿದ್ದ ವರದಿಯನ್ನು ಕೊಟ್ಟು, "ಅಂಕಿ ಓದಿ, ಸೆನ್ಸೇ" ಎಂದರು. ಓದಿದೆ. ಒಂದನ್ನೂ ಬಿಡಲಿಲ್ಲ. ನಡುವೆ ಒಮ್ಮೆ ನೀರು ಕುಡಿದು ಮುಂದುವರಿಸಿದೆ.

"ಹಾಗಾದ್ರೆ ಬೇಸಿಗೆ ಬಿಯರನ್ನ ಈ ಸಲ ಬೇಗ ಹಾಕ್ಬೇಕು" ಎಂದರು.

ಆಸ್ಪತ್ರೆಯಿಂದ ಮನೆಗೆ ಬಂದು ಹಾಕಿಯೂ ಹಾಕಿದರು. ಅಲ್ಲಿ ಸುಡುಬೇಸಿಗೆಗೆ ಮುಂಚೆ ಬರುವ ಮಳೆಗಾಲ ಮುಗಿಯುವ ಮೊದಲು ಅವರು ಹೋದರು, ಬಿಯರ್ ಹಬ್ಬಕ್ಕೆ ಬಂತು. ಆ ದಿನ ಬಾಣಲೆ ಇಳಿಸಿದ ಮೇಲೆ ನಾನೇ ಹೋಗಿ ಒಂದು ಲೋಟ ಕೇಳಿದೆ. ಏಳು ಬೇಸಿಗೆಯಲ್ಲಿ ಅವರು ಒಮ್ಮೆಯೂ ಒತ್ತಾಯ ಮಾಡದಿದ್ದ ಬಿಯರ್. ಕಹಿ ಇತ್ತು. ಪೂರ್ತಿ ಕುಡಿದೆ.

ಸಂಜೆ ಅಮ್ಮನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅಮ್ಮ, "ಎಷ್ಟು ಕುಡಿದೆ?" ಎಂದರು.

"ಒಂದು ಲೋಟ" ಎಂದೆ. ಏನೂ ಆಗಲ್ಲ ಬಿಡಮ್ಮ ಎಂದು ಸೇರಿಸಲಿಲ್ಲ.