ಗಂಗಮ್ಮನವರ ಪಾಲಿನ ತೊಲೆ

ಸೋಮವಾರ, ಬೆಳಿಗ್ಗೆ ಏಳು ಗಂಟೆ. ಮಧುಗಿರಿಯ ನಮ್ಮ ಬಡಾವಣೆಯಲ್ಲಿ ಗಂಗಮ್ಮನವರ ಪಡಸಾಲೆ. ಹಾಜರಿದ್ದವರು ಮೂವರು: ಅವರ ಮಗಳು ಶಾರದಾ, ಪಕ್ಕದ ಜೋಡಿಮನೆಯ ನಂಜುಂಡಪ್ಪ, ಎದುರುಮನೆಯ ನಾನು. ಹಿಂದಿನ ದಿನವಷ್ಟೇ ಗಂಗಮ್ಮನವರ ತಿಥಿ ಮುಗಿದಿತ್ತು. ಸೂತಕ ಕಳೆಯುವುದನ್ನೇ ಕಾದವನಂತೆ ನಂಜುಂಡಪ್ಪ ತಾಂಬೂಲದ ತಟ್ಟೆ ಹಿಡಿದು ಬಂದಿದ್ದ.

ನಮ್ಮವು ಅರವತ್ತರ ದಶಕದ ಮನೆಗಳು. ತೇಗದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಟೆ ಛಾವಣಿ. ಗೋಡೆಗೆ ಭಾರವಿಲ್ಲದ್ದರಿಂದ ಆಳೆತ್ತರದ ಗಾಜಿನ ಕಿಟಕಿ. ಗಂಗಮ್ಮ ದಿನಾ ಕಂಬಗಳಿಗೆ ಕಡಲೆಕಾಯಿ ಎಣ್ಣೆಯ ಬಟ್ಟೆ ತಿಕ್ಕುತ್ತ, ಪಕ್ಕದ ಮನೆಗೆ ಕೇಳುವಂತೆ ಹೇಳುತ್ತಿದ್ದರು: “ಭಾರ ಹೊರೋದು ಕಂಬ, ಜಂಬ ಮಾಡೋದು ಗೋಡೆ!”

ಅದಕ್ಕೆ ಕಾರಣವಿತ್ತು. ಅವರ ಯಜಮಾನರು ಲಕ್ವ ಹೊಡೆದು ಮಲಗಿದಾಗ ಮಂಚದಿಂದ ಕಾಣುತ್ತಿದ್ದದ್ದು ಕಿಟಕಿಯಾಚೆಯ ಬೆಟ್ಟ ಒಂದೇ. ನಂಜುಂಡಪ್ಪ ಅದಕ್ಕೆ ಅಡ್ಡವಾಗಿ ಎತ್ತರದ ಕಾಂಪೌಂಡ್ ಗೋಡೆ ಎಬ್ಬಿಸಿದ. ಗಂಗಮ್ಮ ಬೇಡಿಕೊಂಡರು.

“ನನ್ ಜಾಗ ಕಣಮ್ಮ. ಬೆಟ್ಟ ಏನು ನಿನ್ ಹೆಸ್ರಿಗೆ ಖಾತೆ ಆಗೈತಾ?” ಎಂದ.

ಯಜಮಾನರು ಆ ಗೋಡೆ ನೋಡುತ್ತಲೇ ತೀರಿಕೊಂಡರು.

ಆಮೇಲೆ ನಂಜುಂಡಪ್ಪನಿಗೆ ತನ್ನ ಮನೆ ಕೆಡವಿ ಮೂರಂತಸ್ತು ಕಟ್ಟುವ ಆಸೆ ಬಂತು. ಜೋಡಿಮನೆಗಳೆರಡಕ್ಕೂ ಒಂದೇ ತೊಲೆ. ಅವನ ಪಾಲು ಕಿತ್ತರೆ ಇವರ ಛಾವಣಿ ಕುಸಿಯುತ್ತದೆ. ಗಂಗಮ್ಮ ಒಪ್ಪದೆ ಅವನು ಕೆಡವುವಂತಿರಲಿಲ್ಲ. ಅವನು ಬಂದಾಗಲೆಲ್ಲ ಅವರು ಅದೇ ಮಂಚದ ಮೇಲೆ, ಕಿಟಕಿಯಾಚೆಯ ಆ ಗೋಡೆಗೆ ಮುಖ ಮಾಡಿ ಕೂರಿಸಿ, ಬೆಲ್ಲದ ಕಾಫಿ ಕೊಟ್ಟು, ಒಳಗೆ ಹೋಗಿ ರಾಗಿ ಹಸನು ಮಾಡುತ್ತಿದ್ದರು.

“ಎಷ್ಟೊತ್ತು ಕಾಯ್ಲಕ್ಕಾ?”

“ಗೋಡೆ ನೋಡ್ತಾ ಕೂತ್ಕ. ನಮ್ಮೋರು ಎಲ್ಡು ವರ್ಷ ನೋಡ್ಲಿಲ್ವಾ?”

ನನ್ನ ಜಗಲಿಗೆ ಇದೆಲ್ಲ ಕೇಳಿಸುತ್ತಿತ್ತು. ಅಂಥ ದಿನ ನನ್ನ ಕಾಫಿ ಹೆಚ್ಚು ರುಚಿಸುತ್ತಿತ್ತು.

ಈ ಸೋಮವಾರ ನಂಜುಂಡಪ್ಪನ ದನಿ ಮೆತ್ತಗಿತ್ತು. “ಶಾರದಮ್ಮ, ಅಕ್ಕನೇ ಹೋದ್ಮೇಲೆ ಹಗೆ ಯಾಕೆ? ನೀನು ಪಾವಗಡದಾಗಿರೋಳು. ತಾಂಬೂಲ ತಗಂಡ್ಬುಡು.”

ತಾಂಬೂಲ ತೆಗೆದುಕೊಂಡರೆ ಒಪ್ಪಿಗೆ ಕೊಟ್ಟಂತೆ. ನಮ್ಮಲ್ಲಿ ಆಮೇಲೆ ಮಾತಿಲ್ಲ. ಶಾರದಾ ಕೈ ಚಾಚಿದಳು. ಅವಳು ಬಾಳೆಹಣ್ಣಿನ ಚಿಪ್ಪು ಮಾತ್ರ ಎತ್ತಿಕೊಂಡು, ಎಲೆ-ಅಡಿಕೆ ಇದ್ದ ತಟ್ಟೆಯನ್ನು ಅವನತ್ತ ತಳ್ಳಿದಳು.

“ಹಣ್ಣು ಅವ್ವನ ಹೆಸ್ರಲ್ಲಿ ತಿಂತೀವಿ ಚಿಕ್ಕಪ್ಪ. ಎಲೆ-ಅಡಿಕೆ ನೀವೇ ಹಾಕ್ಕಳಿ. ತೊಲೆ ಇನ್ನೂ ಗಟ್ಟಿಯಾಗೈತೆ.”

ಅವನು ಹೋದ. ಹಣ್ಣು ಹದವಾಗಿ ಮಾಗಿತ್ತು, ಇಬ್ಬರೂ ತಿಂದೆವು. ಶಾರದಾ ಬೀಗದ ಕೈ ನನಗೆ ಕೊಟ್ಟು ಪಾವಗಡದ ಬಸ್ಸಿಗೆ ಹೊರಟಳು. ಬಾಗಿಲು ಹಾಕಿ, ಸಿಪ್ಪೆಗಳನ್ನು ನಂಜುಂಡಪ್ಪನ ಗೇಟಿನ ಮುಂದೆ ನಿಂತಿದ್ದ ಹಸುವಿಗೆ ಒಂದೊಂದಾಗಿ ತಿನ್ನಿಸಿದೆ.