ಕರೆಂಟ್ ಬೇರೆ, ಹುಕುಂ ಬೇರೆ

“ಲೈಟ್ ಯಾರ್ದು?”

ಗುರಪ್ಪ ಕಾಕಾ ಕೇಳಿದ ಮೊದಲ ಪ್ರಶ್ನೆ ಇದು. ನಾಟಕ ಯಾವುದು, ಪಾತ್ರ ಎಂಥದ್ದು, ಒಂದೂ ಕೇಳಲಿಲ್ಲ. ಹುಮನಾಬಾದಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಕಾಕಾ ನಮ್ಮ ಹವ್ಯಾಸಿ ತಂಡದ ಹಿರಿಯ ನಟ. ಬಸವಕಲ್ಯಾಣದಲ್ಲಿ ಹೊಸ ನಾಟಕ ಆಡೋಣ ಅಂತ ನಿರ್ದೇಶಕನಾದ ನಾನು ಕರೆಯಲು ಹೋಗಿದ್ದೆ.

“ರಾಜಕುಮಾರಂದೇ ಕಾಕಾ.”

“ಹಂಗಾರ ನಾ ಬರಂಗಿಲ್ಲ.”

ರಾಜಕುಮಾರ ಅವರ ಸ್ವಂತ ಅಳಿಯ. ಸುತ್ತಲಿನ ಸ್ಟೇಜುಗಳಿಗೆಲ್ಲ ಲೈಟ್ ಹಾಕುವವನು. (ಮದುವೆ, ಸನ್ಮಾನ, ನಾಟಕ, ಯಾವುದಾದರೂ ಸರಿ.) ಹೋದ ವರ್ಷ ಕಾಕಾ ರಾಜನ ವೇಷದಲ್ಲಿ ಸ್ಟೇಜಿನ ಮೆಟ್ಟಿಲಿಳಿಯುವಾಗ ಎಲ್ಲ ಲೈಟೂ ಒಮ್ಮೆಲೇ ಆರಿದವು. ಕಾಕಾ ಬಿದ್ದರು. ಮೊಣಕಾಲಿಗೆ ಆಪರೇಷನ್ ಆಯಿತು. ಅವತ್ತಿನಿಂದ ಅಳಿಯನ ಜೊತೆ ಮಾತು ಬಂದ್. ಮಗಳು ತವರಿಗೆ ಒಬ್ಬಳೇ ಬಂದು ಹೋಗುತ್ತಿದ್ದಳು.

ಅವತ್ತು ಆಗಿದ್ದೇನು? ರಾಜಕುಮಾರನನ್ನೇ ಕೇಳಿದ್ದೆ.

“ಲೈಟಿಗೆ ಕರೆಂಟ್ ಒಂದು ವೈರಿನಾಗ ಬರ್ತದ ಸರ, ಹುಕುಂ ಇನ್ನೊಂದರಾಗ.”

ಯಾವ ಲೈಟ್ ಹತ್ತಬೇಕು, ಯಾವುದು ಆರಬೇಕು ಅನ್ನುವ ಹುಕುಂ ಕಂಪ್ಯೂಟರಿನಿಂದ ಸ್ಟೇಜ್ ಪಕ್ಕದ ಒಂದು ಡಬ್ಬಿಗೆ ಬರುತ್ತದೆ. ಅದಕ್ಕೆ ‘ನೋಡ್’ ಅಂತಾರೆ. ಅಲ್ಲಿಂದ ಲೈಟುಗಳಿಗೆ ಹಂಚಿಕೆ. ಅವತ್ತು ಒಂದು ಲೈಟ್ ಒಳಗೇ ಕೆಟ್ಟು, ಅದರ ಕರೆಂಟ್ ಹುಕುಂ ವೈರಿಗೆ ನುಗ್ಗಿ ಡಬ್ಬಿಯನ್ನೇ ಸುಟ್ಟಿತ್ತು. ಹುಕುಂ ನಿಂತಿತು. ಚೆನ್ನಾಗಿದ್ದ ಲೈಟುಗಳೂ ಆರಿದವು.

ಈಗ ಅವನು ಬೇರೆ ನೋಡ್ ತಂದಿದ್ದ. ಅದರಲ್ಲಿ ಲೈಟಿನ ಒಂದೊಂದು ಸಾಲಿಗೂ ಪ್ರತ್ಯೇಕ ದಾರಿ. ಒಂದರ ಕರೆಂಟ್ ಇನ್ನೊಂದಕ್ಕೆ ದಾಟದಂತೆ ನಡುವೆ ಐಸೋಲೇಷನ್. ಡಬ್ಬಿ ನಡೆಯಲು ಬೇಕಾದ ಕರೆಂಟೂ ಸ್ಟೇಜಿನ ಬೋರ್ಡಿನಿಂದಲ್ಲ. ಯುಪಿಎಸ್ ಇಟ್ಟ ಕಡೆಯಿಂದ, ನೆಟ್‌ವರ್ಕ್ ಕೇಬಲ್ಲಿನಲ್ಲೇ.

ಇಷ್ಟನ್ನೂ ಕಾಕಾಗೆ ಹೇಳಿದೆ.

“ಇನ್ನ ಲೈಟ್ ಕೆಡಂಗಿಲ್ಲಂತ ಆಣಿ ಮಾಡ್ತಾರೇನು? ಕೇಳ್ರಿ ಅವರಿಗೆ.”

ಅಲ್ಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಮಾವ ಕೇಳಿಸಿಕೊಳ್ಳುತ್ತಿದ್ದಾರೆ ಅಂತಲೂ ಹೇಳಿದೆ.

“ಕೆಡ್ತದ ಸರ. ಮಷಿನ್ ಅಂದಮ್ಯಾಗ ಕೆಡ್ತದ. ಆದ್ರ ಒಂದು ಕೆಟ್ರ ಎಲ್ಲಾ ಆರಂಗಿಲ್ಲ. ಅಷ್ಟೇ ಹೇಳ್ತೀನಿ.”

ನನಗೆ ಸಿಟ್ಟು ಬಂತು. ಒಂದು ಸುಳ್ಳು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಕಾಕಾ ಮಾತ್ರ ತಲೆ ಆಡಿಸಿದರು. “ಖರೇ ಹೇಳಾಕತ್ತಾರ. ಬರ್ತೀನಿ.”

ಈ ನಾಟಕದಲ್ಲೂ ಮೆಟ್ಟಿಲಿದ್ದವು. ತೆಗೆಸಲೇ ಅಂದರೆ, “ಇರ್ಲಿ ಬಿಡ್ರಿ” ಅಂದರು.

ಪ್ರದರ್ಶನದ ದಿನ ಹಾಲ್ ತುಂಬಿತ್ತು. ಎರಡನೇ ದೃಶ್ಯದಲ್ಲಿ ಕಾಕಾ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಾರೆ. ಬಲಗಡೆಯ ಲೈಟಿನ ಸಾಲು ಪೂರ್ತಿ ಆರಿತು! ಜನರ ಮುಂದಿನ ಸಾಲಿನಲ್ಲಿ ಕೂತಿದ್ದ ಕಾಕಾರ ಮಗಳು ಎದ್ದೇ ನಿಂತಳು.

ಎಡಗಡೆಯ ಲೈಟುಗಳು ಆರಲಿಲ್ಲ. ಮುಂದಿನವೂ ಆರಲಿಲ್ಲ.

ಕಾಕಾ ಅರೆಗಳಿಗೆ ತಡೆದರು. ಆಮೇಲೆ ಮೆಟ್ಟಿಲ ಪಕ್ಕದ ಕಂಬ ಹಿಡಿದು, ಬೆಳಕಿದ್ದ ಕಡೆಯಿಂದ ಒಂದೊಂದೇ ಮೆಟ್ಟಿಲಿಳಿದು ಬಂದು ಮಾತು ಮುಂದುವರಿಸಿದರು. ದನಿ ನಡುಗಲಿಲ್ಲ.

ಪರದೆ ಬಿದ್ದ ಮೇಲೆ ಒಬ್ಬರು ನನ್ನ ಕೈ ಕುಲುಕಿದರು. “ಆ ಅರ್ಧ ಕತ್ತಲಾ ಮಾಡಿದ್ದು ಭಾರಿ ಇತ್ತು ನೋಡ್ರಿ ಸರ!” ಏನು ಹೇಳಲಿ? ಥ್ಯಾಂಕ್ಸ್ ಅಂದೆ.

ಅಷ್ಟರಲ್ಲಿ ಕಾಕಾ ಬಣ್ಣ ಕೂಡ ತೊಳೆಯದೆ ಕಂಪ್ಯೂಟರ್ ಟೇಬಲ್ಲಿನ ಹತ್ತಿರ ಹೋಗಿದ್ದರು. ರಾಜಕುಮಾರ ಎದ್ದು ನಿಂತ.

“ಅಳಿಯಾರ, ಐತಾರ ಊಟಕ್ಕ ಬರ್ರಿ. ಇಬ್ರೂ ಕೂಡೇ ಬರ್ರಿ.”

“ಹೂಂ ಮಾವಾರ” ಅಂದವನು ಕೇಬಲ್ ಸುತ್ತುವ ನೆಪದಲ್ಲಿ ಮುಖ ತಿರುಗಿಸಿಕೊಂಡ.

ಸ್ಟೇಜಿನ ಮೇಲೆ ಅತಿಥಿಗಳಿಗೆ, ನಟರಿಗೆ, ನನಗೆ ಶಾಲು ಹೊದಿಸಿದರು. ಲೈಟಿನವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಬರುವುದಾದರೂ ಹೇಗೆ? ಜನರ ಲೆಕ್ಕದಲ್ಲಿ ಅವತ್ತು ಅಲ್ಲಿ ಏನೂ ಆಗಿರಲಿಲ್ಲ.

ಬಿದ್ದವರನ್ನು ಎತ್ತಿದವನು ಎಲ್ಲರಿಗೂ ಕಾಣುತ್ತಾನೆ. ಬೀಳದಂತೆ ನೋಡಿಕೊಂಡವನು ನಮ್ಮ ಕಣ್ಣಿಗೆ ಬೀಳುವುದು ಯಾವಾಗ?